ದುರ್ಬಲ ತಂಡವನ್ನು ಸೋಲಿಸಿದರೆ ಅದೂ ಒಂದು ಗೆಲುವಾ?

2025ರ ಜೂನ್ 7ರಂದು ಇಂಗ್ಲೆಂಡ್ ಫುಟ್‌ಬಾಲ್ ತಂಡ ವಿಶ್ವಕಪ್ ಅರ್ಹತಾ ಪಂದ್ಯವೊಂದನ್ನು ಗೆದ್ದಿತು. ಎದುರಾಳಿ ಅಂಡೋರಾ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಬೆಟ್ಟಗಳಲ್ಲಿರುವ, ಒಂದು ಲಕ್ಷ ಜನರೂ ಇಲ್ಲದ ಪುಟ್ಟ ದೇಶ ಅದು. ಸ್ಕೋರ್ 1-0. ಎರಡನೇ ಅರ್ಧದಲ್ಲಿ ಹ್ಯಾರಿ ಕೇನ್ ಹೊಡೆದ ಒಂದೇ ಗೋಲು. ಪಂದ್ಯ ಮುಗಿದಾಗ ಇಂಗ್ಲೆಂಡಿನ ಅಭಿಮಾನಿಗಳೇ ತಮ್ಮ ಆಟಗಾರರನ್ನು ಕೂಗಿ ಮೂದಲಿಸಿದರು. ಗೆದ್ದವರಿಗೇ ಬೈಗುಳ!

ನವೆಂಬರ್‌ನಲ್ಲಿ ಇಂಗ್ಲೆಂಡ್ ಇದ್ದ ಅರ್ಹತಾ ಗುಂಪಿನ ಆಟ ಮುಗಿಯಿತು. ಇಂಗ್ಲೆಂಡಿನ ಲೆಕ್ಕ ಹೀಗಿತ್ತು: 8 ಪಂದ್ಯ, 8 ಗೆಲುವು, ಹೊಡೆದದ್ದು 22 ಗೋಲು, ಬಿಟ್ಟುಕೊಟ್ಟದ್ದು ಒಂದೂ ಇಲ್ಲ. ಇಷ್ಟಾದರೂ ಅನುಮಾನ ಹೋಗಲಿಲ್ಲ. ಅಲ್ಬೇನಿಯಾ, ಸರ್ಬಿಯಾ, ಲಾಟ್ವಿಯಾ, ಅಂಡೋರಾ ತಾನೇ, ಇವರನ್ನು ಗೆದ್ದದ್ದು ಏನು ಮಹಾ ಎಂಬ ಮಾತು ಉಳಿದೇ ಇತ್ತು.

ಈ ಮಾತು ಇನ್ನು ಮುಂದೆ ಜಾಸ್ತಿ ಕೇಳಿಬರುತ್ತದೆ. ವಿಶ್ವಕಪ್‌ನ ಮುಖ್ಯ ಹಂತದಲ್ಲಿ 1998ರಿಂದ 2022ರವರೆಗೆ 32 ತಂಡಗಳಿದ್ದವು. 2026ರ ಟೂರ್ನಿಗೆ ಆ ಸಂಖ್ಯೆ 48ಕ್ಕೆ ಏರಿತು. ಹೆಚ್ಚು ತಂಡ ಬಂದರೆ ದೊಡ್ಡವರು ಮತ್ತು ಚಿಕ್ಕವರು ಎದುರಾಗುವ ಪಂದ್ಯಗಳೂ ಹೆಚ್ಚುತ್ತವೆ. ಹಾಗಾಗಿ ಇಂಥ ಗೆಲುವುಗಳನ್ನು ಹೇಗೆ ಅಳೆಯಬೇಕು ಅನ್ನುವುದನ್ನು ಒಮ್ಮೆ ಬುಡದಿಂದ ನೋಡೋಣ.

ದುರ್ಬಲ ಅಂತ ಹೇಳುವುದು ಯಾರು?

ಹೆಚ್ಚಿನವರು ನೋಡುವುದು ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ರ‍್ಯಾಂಕಿಂಗ್. 2018ರಿಂದ ಅದು ಚೆಸ್ ಆಟದಿಂದ ಬಂದ ಎಲೋ ಪದ್ಧತಿಯ ಮೇಲೆ ನಡೆಯುತ್ತದೆ. ಈ ಪದ್ಧತಿ ರೂಪಿಸಿದ್ದು ಆರ್ಪಾದ್ ಎಲೋ ಎಂಬ ಭೌತವಿಜ್ಞಾನ ಪ್ರಾಧ್ಯಾಪಕರು. ಅದಕ್ಕೇ ಆ ಹೆಸರು. ಒಳಗಿನ ವಿಚಾರ ತುಂಬಾ ಸರಳ. ಪ್ರತಿ ತಂಡಕ್ಕೂ ಒಂದಿಷ್ಟು ಅಂಕ ಇರುತ್ತದೆ. ಪಂದ್ಯಕ್ಕೆ ಮೊದಲು, ಇಬ್ಬರ ಅಂಕಗಳ ನಡುವೆ ಎಷ್ಟು ಅಂತರ ಇದೆ ಎಂದು ನೋಡಿ, ಯಾರಿಂದ ಎಷ್ಟು ನಿರೀಕ್ಷಿಸಬಹುದು ಎಂದು ಲೆಕ್ಕ ಹಾಕುತ್ತಾರೆ. ಪಂದ್ಯದ ನಂತರ, ನಿರೀಕ್ಷೆಗಿಂತ ಚೆನ್ನಾಗಿ ಆಡಿದವರಿಗೆ ಅಂಕ ಸೇರುತ್ತದೆ, ಕಡಿಮೆ ಆಡಿದವರಿಂದ ಅಷ್ಟೇ ಅಂಕ ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ತಂಡದ ಬಳಿ 1800 ಅಂಕ ಇದೆ, ಇನ್ನೊಂದರ ಬಳಿ 1200. ಇಬ್ಬರೂ ವಿಶ್ವಕಪ್ ಅರ್ಹತಾ ಪಂದ್ಯ ಆಡುತ್ತಿದ್ದಾರೆ. ದೊಡ್ಡ ತಂಡ ಗೆದ್ದರೆ ಅದಕ್ಕೆ ಸಿಗುವುದು ಸುಮಾರು 2.3 ಅಂಕ ಮಾತ್ರ. ಡ್ರಾ ಆದರೆ ಸುಮಾರು 10 ಅಂಕ ಹೋಗುತ್ತದೆ. ಸೋತರೆ 22ಕ್ಕಿಂತ ಹೆಚ್ಚು. ಅದೇ ಸಮಬಲದ ತಂಡವನ್ನು ಗೆದ್ದಿದ್ದರೆ 12.5 ಸಿಗುತ್ತಿತ್ತು. ಅಂದರೆ ಚಿಕ್ಕ ತಂಡದ ಎದುರು ಒಂದು ಡ್ರಾ ಆದರೆ, ಕಳೆದುಕೊಂಡದ್ದನ್ನು ಅಂಥದ್ದೇ ಎದುರಾಳಿಗಳ ಮೇಲೆ ಗೆದ್ದು ತುಂಬಿಕೊಳ್ಳಲು ನಾಲ್ಕೈದು ಗೆಲುವು ಬೇಕು.

ಗಮನಿಸಿ, ಇಲ್ಲಿ ಎಷ್ಟು ಗೋಲು ಅಂತರದಿಂದ ಗೆದ್ದರು ಎಂಬುದು ಲೆಕ್ಕಕ್ಕೇ ಇಲ್ಲ. ಪುರುಷರ ರ‍್ಯಾಂಕಿಂಗ್‌ನಲ್ಲಿ 1-0 ಗೆಲುವೂ 9-0 ಗೆಲುವೂ ಒಂದೇ.

ಇದಕ್ಕೂ ಮುಂಚಿನ ಪದ್ಧತಿ ಇನ್ನೂ ವಿಚಿತ್ರವಾಗಿತ್ತು. ಅದು ಪಂದ್ಯಗಳ ಸರಾಸರಿ ತೆಗೆಯುತ್ತಿತ್ತು. ಹಾಗಾಗಿ ಸೌಹಾರ್ದ ಪಂದ್ಯದಲ್ಲಿ ದುರ್ಬಲ ತಂಡವನ್ನು ಗೆದ್ದರೂ ಸರಾಸರಿ ಕೆಳಗಿಳಿಯಬಹುದಿತ್ತು. ಪೋಲೆಂಡ್ ಇದನ್ನು ಅರಿತು ಸೌಹಾರ್ದ ಪಂದ್ಯಗಳನ್ನೇ ಕಡಿಮೆ ಮಾಡಿತು. 2018ರ ವಿಶ್ವಕಪ್‌ಗೆ ಚೀಟಿ ಎತ್ತಿ ಗುಂಪು ಹಂಚುವಾಗ ಅದಕ್ಕೆ ಮೊದಲ ಸಾಲಿನ ತಂಡಗಳ ಜೊತೆ ಜಾಗ ಸಿಕ್ಕಿತು. ಆಮೇಲೆ ಟೂರ್ನಿಯಲ್ಲಿ ತನ್ನ ಗುಂಪಿನ ಕೊನೆಯ ಸ್ಥಾನಕ್ಕೆ ಬಿತ್ತು. ರ‍್ಯಾಂಕಿಂಗ್ ಎಂಬುದು ಒಂದು ಅಂದಾಜು ಮಾತ್ರ ಅನ್ನುವುದಕ್ಕೆ ಇದು ಸಾಕು.

ಗೋಲು ಅಪರೂಪ, ಅದಕ್ಕೇ ಈ ಆಟ ಹೀಗೆ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ 80, 90 ಅಂಕ ಗಳಿಸುವುದು ಮಾಮೂಲು. ಅದೃಷ್ಟದಿಂದ ಒಂದು ಚೆಂಡು ಬುಟ್ಟಿಗೆ ಬಿದ್ದರೆ ಏನೂ ಆಗುವುದಿಲ್ಲ. ಅಷ್ಟೊಂದು ಅಂಕಗಳ ನಡುವೆ ಅದು ಕರಗಿಹೋಗುತ್ತದೆ. ಫುಟ್‌ಬಾಲ್ ಹಾಗಲ್ಲ. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಂದದ್ದು 172 ಗೋಲು. ಎರಡೂ ತಂಡ ಸೇರಿ ಪಂದ್ಯಕ್ಕೆ ಮೂರಕ್ಕಿಂತ ಕಡಿಮೆ. ಇಲ್ಲಿ ಒಂದು ಗೋಲು ಅಂದರೆ ಪಂದ್ಯದ ಅರ್ಧ ಕಥೆ.

ಇದರ ಪರಿಣಾಮ ಏನು ಎಂದು ಸಣ್ಣ ಲೆಕ್ಕದಿಂದ ನೋಡಬಹುದು. ದೊಡ್ಡ ತಂಡವೊಂದು ಪಂದ್ಯಕ್ಕೆ ಸರಾಸರಿ 2 ಗೋಲು ಹೊಡೆಯುವಷ್ಟು ಅವಕಾಶ ಮಾಡಿಕೊಳ್ಳುತ್ತದೆ ಎಂದುಕೊಳ್ಳಿ. ಚಿಕ್ಕ ತಂಡ ಎರಡು ಪಂದ್ಯಕ್ಕೆ ಒಂದು ಗೋಲು ಹೊಡೆಯುವಷ್ಟು. ಅಂದರೆ ನಾಲ್ಕು ಪಟ್ಟು ವ್ಯತ್ಯಾಸ. ಯಾರ ಗೋಲು ಯಾವಾಗ ಬೀಳುತ್ತದೆ ಎಂಬುದನ್ನು ಆಕಸ್ಮಿಕಕ್ಕೆ ಬಿಟ್ಟು ಸಂಭವನೀಯತೆಯ ಲೆಕ್ಕ ಹಾಕಿದರೆ, ನೂರು ಪಂದ್ಯಗಳಲ್ಲಿ ದೊಡ್ಡ ತಂಡ ಸುಮಾರು 73 ಗೆಲ್ಲುತ್ತದೆ. 19 ಡ್ರಾ. 8 ಸೋಲು. ನಾಲ್ಕು ಪಟ್ಟು ಉತ್ತಮ ತಂಡಕ್ಕೂ ಸುಮಾರು ನಾಲ್ಕು ಪಂದ್ಯಕ್ಕೊಮ್ಮೆ ಗೆಲುವು ತಪ್ಪಿಹೋಗುತ್ತದೆ!

ಇನ್ನೂ ಬಲವಾದ ತಂಡ ತೆಗೆದುಕೊಳ್ಳೋಣ. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ನೂರಕ್ಕೆ 90. ಕೇಳೋಕೆ ಖಚಿತ ಗೆಲುವು ಅನ್ನಿಸುತ್ತದೆ, ಅಲ್ವಾ? ಆದರೆ ಸತತ ಹತ್ತು ಪಂದ್ಯಗಳನ್ನು ಗೆಲ್ಲುವ ಸಾಧ್ಯತೆ ಕೇಳಿದರೆ ಉತ್ತರ ನೂರಕ್ಕೆ 35ರ ಆಸುಪಾಸು. ಹತ್ತೂ ಪಂದ್ಯ ಸುಲಭದ್ದೇ ಆಗಿದ್ದರೂ ಎಲ್ಲೋ ಒಂದು ಕಡೆ ಎಡವುವ ಸಾಧ್ಯತೆಯೇ ಹೆಚ್ಚು. ಒಂದು ಸುಲಭ ಪಂದ್ಯ ಗೆಲ್ಲುವುದು ಬೇರೆ, ಸುಲಭ ಪಂದ್ಯಗಳನ್ನು ಒಂದೂ ಬಿಡದೆ ಗೆಲ್ಲುವುದು ಬೇರೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವ ಅಂಶ ಇದೇ. ಎಂಟಕ್ಕೆ ಎಂಟು ಗೆದ್ದ ತಂಡವನ್ನು ತಳ್ಳಿಹಾಕುವ ಮುಂಚೆ ಈ ಲೆಕ್ಕ ಒಮ್ಮೆ ನೆನಪಾಗಬೇಕು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. 1990ರ ಸೆಪ್ಟೆಂಬರ್ 12ರಂದು ಫೆರೋ ದ್ವೀಪಗಳ ತಂಡ ತನ್ನ ಮೊಟ್ಟಮೊದಲ ಅಧಿಕೃತ ಸ್ಪರ್ಧೆಯ ಪಂದ್ಯ ಆಡಿತು. ಎದುರಾಳಿ ಆಸ್ಟ್ರಿಯಾ, ಅದೇ ಬೇಸಿಗೆಯಲ್ಲಿ ವಿಶ್ವಕಪ್ ಆಡಿ ಬಂದಿದ್ದ ತಂಡ. ಫೆರೋದಲ್ಲಿ ಸರಿಯಾದ ಹುಲ್ಲಿನ ಮೈದಾನ ಇರಲಿಲ್ಲ, ಹಾಗಾಗಿ ಪಂದ್ಯ ಸ್ವೀಡನ್‌ನ ಲಾಂಡ್ಸ್‌ಕ್ರೋನಾದಲ್ಲಿ ನಡೆಯಿತು. ಟೊರ್ಕಿಲ್ ನೀಲ್ಸನ್ ಹೊಡೆದ ಗೋಲಿನಿಂದ ಫೆರೋ 1-0 ಗೆದ್ದಿತು. ಆಸ್ಟ್ರಿಯಾದ ಕೋಚ್ ಹುದ್ದೆ ಬಿಟ್ಟರು.

2022ರ ನವೆಂಬರ್ 22 ಇನ್ನೂ ಹಲವರ ನೆನಪಿನಲ್ಲಿದೆ. 36 ಪಂದ್ಯಗಳಿಂದ ಸೋಲದೆ ಬಂದಿದ್ದ ಅರ್ಜೆಂಟೀನಾ ಸೌದಿ ಅರೇಬಿಯಾ ಎದುರು ಮೊದಲಾರ್ಧದಲ್ಲಿ ಮುಂದಿತ್ತು. ಚೆಂಡು ಇನ್ನೂ ಮೂರು ಸಲ ಬಲೆಗೆ ಬಿತ್ತು, ಮೂರೂ ಆಫ್‌ಸೈಡ್, ಅಂದರೆ ನಿಯಮದ ಪ್ರಕಾರ ಲೆಕ್ಕಕ್ಕಿಲ್ಲ. ಎರಡನೇ ಅರ್ಧ ಶುರುವಾದ ಕೂಡಲೇ ಸೌದಿ ಐದಾರು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆಯಿತು. 2-1. ಆ ಅರ್ಜೆಂಟೀನಾವೇ ಮುಂದೆ ಕಪ್ ಗೆದ್ದಿತು.

ಹತ್ತು ಜನ ಗೋಲಿನ ಮುಂದೆ ನಿಂತಾಗ

ಚಿಕ್ಕ ತಂಡಗಳು ಸುಮ್ನೆ ಬಂದು ಸೋತು ಹೋಗುವುದಿಲ್ಲ. ಅವರಿಗೂ ಒಂದು ಉಪಾಯ ಇದೆ.

ಅಂತಾರಾಷ್ಟ್ರೀಯ ಪಂದ್ಯದ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಇಬ್ಬರೂ ಮುಕ್ತವಾಗಿ ಆಡಿದರೆ ಈ ಜಾಗದಲ್ಲೆಲ್ಲ ಸಂದುಗಳು ಸಿಗುತ್ತವೆ. ವೇಗ, ಕಾಲ್ಚಳಕ ಇರುವವರಿಗೆ ಆ ಸಂದುಗಳೇ ಬೇಕು. ಹಾಗಾಗಿ ದುರ್ಬಲ ತಂಡ ಆ ಜಾಗವನ್ನೇ ಇಲ್ಲವಾಗಿಸುತ್ತದೆ. ಗೋಲ್‌ಕೀಪರ್ ಬಿಟ್ಟು ಹತ್ತೂ ಜನ ತಮ್ಮ ಗೋಲಿನ ಮುಂದಿನ ಮೂವತ್ತು ಮೀಟರ್ ಒಳಗೆ ಎರಡು ಸಾಲಾಗಿ ನಿಲ್ಲುತ್ತಾರೆ. ಅಭಿಮಾನಿಗಳು ಇದನ್ನು ಗೋಲಿನ ಮುಂದೆ ಬಸ್ ನಿಲ್ಲಿಸುವುದು ಅನ್ನುತ್ತಾರೆ. ಗೋಲಿನ ಅಗಲ 7.32 ಮೀಟರ್ ಮಾತ್ರ. ಅದರ ಮುಂದೆ ಇಷ್ಟು ಕಾಲುಗಳು ಇದ್ದರೆ, ಜಗತ್ತಿನ ಅತ್ಯುತ್ತಮ ಆಟಗಾರನ ಹೊಡೆತವೂ ಯಾರದೋ ಮೊಣಕಾಲಿಗೆ ತಾಗಿ ನಿಲ್ಲಬಹುದು.

ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಿನ ಬಾಗಿಲಿಗೆ ಬಂದು ಇಳಿಯಬೇಕಾದರೆ ಏನಾಗುತ್ತದೆ ನೆನಪಿಸಿಕೊಳ್ಳಿ. ನೀವು ಎಷ್ಟೇ ಚೆನ್ನಾಗಿ ಓಡುವವರಾಗಿರಿ, ಅಲ್ಲಿ ಓಟ ಉಪಯೋಗಕ್ಕೆ ಬರುವುದಿಲ್ಲ. ತಾಳ್ಮೆ ಬೇಕು, ಸಂದು ಕಂಡ ತಕ್ಷಣ ನುಸುಳುವ ಚುರುಕು ಬೇಕು.

ದೊಡ್ಡ ತಂಡ ಇದನ್ನು ಮುರಿಯಲು ಚೆಂಡನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬೇಗ ಬೇಗ ದಾಟಿಸುತ್ತದೆ. ಎದುರಿನ ಸಾಲು ಜರುಗುತ್ತಾ ಜರುಗುತ್ತಾ ದಣಿಯಲಿ ಎಂದು. ದೂರದಿಂದ ಹೊಡೆಯುತ್ತದೆ, ಕಾರ್ನರ್ ಮತ್ತು ಫ್ರೀ ಕಿಕ್‌ಗಳನ್ನು ಬಳಸುತ್ತದೆ. ಈ ಹೊತ್ತಿಗೆ ಅದರ ಡಿಫೆಂಡರ್‌ಗಳೂ ಮುಂದೆ ಬಂದಿರುತ್ತಾರೆ, ಹಿಂದೆ ಅರ್ಧ ಮೈದಾನ ಖಾಲಿ. ಒಂದು ಪಾಸ್ ತಪ್ಪಿದರೆ ಕೌಂಟರ್ ಅಟ್ಯಾಕ್, ಗೋಲು. ಗಡಿಯಾರ ಓಡಿದಷ್ಟೂ ಒತ್ತಡ ದೊಡ್ಡ ತಂಡದ ಮೇಲೆಯೇ ಏರುತ್ತದೆ.

ಅದಕ್ಕೇ ಇಂಥ ಪಂದ್ಯಗಳಲ್ಲಿ ಮೊದಲ ಗೋಲಿಗೆ ವಿಪರೀತ ಬೆಲೆ. ಹತ್ತನೇ ನಿಮಿಷಕ್ಕೆ ಗೋಲು ಬಿದ್ದರೆ ಚಿಕ್ಕ ತಂಡ ಗೋಡೆ ಬಿಟ್ಟು ಹೊರಗೆ ಬರಬೇಕಾಗುತ್ತದೆ, ಆಮೇಲೆ ನಾಲ್ಕೈದು ಗೋಲು ಸಲೀಸು. ಎಪ್ಪತ್ತನೇ ನಿಮಿಷದವರೆಗೂ ಬೀಳದಿದ್ದರೆ ಪಂದ್ಯ 1-0ಕ್ಕೋ ಡ್ರಾಗೋ ಹೋಗಿ ನಿಲ್ಲುತ್ತದೆ. ಎರಡೂ ಸಂಜೆ ತಂಡದ ಸಾಮರ್ಥ್ಯ ಒಂದೇ ಇರಬಹುದು, ಸ್ಕೋರ್ ಮಾತ್ರ ಬೇರೆ.

ಒಂದೇ ಗೆಲುವಿನ ಮೇಲೆ ಎರಡು ಪ್ರಶ್ನೆ

ಈ ಚರ್ಚೆ ಸದಾ ಗೋಜಲಾಗುವುದಕ್ಕೆ ಒಂದು ಕಾರಣ ಇದೆ. ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತೇವೆ. ಈ ಗೆಲುವಿಗೆ ಬೆಲೆ ಇದೆಯಾ ಎಂಬುದು ಒಂದು ಪ್ರಶ್ನೆ. ಈ ಗೆಲುವು ತಂಡದ ಶಕ್ತಿಗೆ ಪುರಾವೆಯಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದೂ ಎರಡನೆಯದಕ್ಕೆ ಅಷ್ಟೇನೂ ಇಲ್ಲ ಎಂದೂ ಒಟ್ಟಿಗೆ ಹೇಳಬಹುದು. ಅದರಲ್ಲಿ ವಿರೋಧ ಇಲ್ಲ.

ಪರೀಕ್ಷೆಯಲ್ಲಿ ಒಂದು ಸುಲಭ ಪ್ರಶ್ನೆ ಇರುತ್ತದೆ. ಅದಕ್ಕೆ ಸರಿ ಉತ್ತರ ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಕಷ್ಟದ ಪ್ರಶ್ನೆಯ ಅಂಕಕ್ಕೂ ಅದಕ್ಕೂ ಒಟ್ಟು ಮೊತ್ತದಲ್ಲಿ ಭೇದ ಇಲ್ಲ. ಆದರೆ ಆ ಒಂದು ಉತ್ತರದಿಂದ, ಅದನ್ನು ಬರೆದವರು ಜಾಣರು ಎಂದು ಯಾರೂ ತೀರ್ಮಾನಿಸುವುದಿಲ್ಲ. ಎಲ್ಲರೂ ಬರೆಯಬಲ್ಲ ಉತ್ತರ ಅದು. ತಪ್ಪು ಬರೆದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ದುರ್ಬಲ ತಂಡದ ಎದುರಿನ ಪಂದ್ಯವೂ ಹೀಗೆಯೇ. ಗೆದ್ದರೆ ಹೊಸದೇನೂ ತಿಳಿಯುವುದಿಲ್ಲ. ಗೆಲ್ಲದಿದ್ದರೆ ಬಹಳ ತಿಳಿಯುತ್ತದೆ. ಫಿಫಾ ಲೆಕ್ಕದ 2.3 ಮತ್ತು 10 ಹೇಳುತ್ತಿರುವುದೂ ಇದನ್ನೇ.

ಬೆಲೆಯ ಮಾತಿಗೆ ಬಂದರೆ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 2008-09ರ ಋತುವಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಲಿವರ್‌ಪೂಲ್ 38 ಪಂದ್ಯಗಳಲ್ಲಿ ಸೋತದ್ದು ಎರಡೇ ಎರಡು. ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ತನ್ನ ಮೈದಾನದಲ್ಲಿ 2-1ರಿಂದ, ಅವರ ಮೈದಾನದಲ್ಲೇ 4-1ರಿಂದ ಸೋಲಿಸಿತು. ಚೆಲ್ಸಿಯನ್ನೂ ಎರಡು ಸಲ ಗೆದ್ದಿತು. ಕಪ್ ಮಾತ್ರ ಯುನೈಟೆಡ್ ಪಾಲಾಯಿತು, 90 ಅಂಕಗಳೊಂದಿಗೆ. ಲಿವರ್‌ಪೂಲ್‌ಗೆ 86. ಯಾಕೆ? 11 ಡ್ರಾ. ಸ್ಟೋಕ್, ಫುಲ್ಹಮ್, ವೆಸ್ಟ್ ಹ್ಯಾಮ್ ತಂಡಗಳು ಲಿವರ್‌ಪೂಲ್‌ನ ಅಂಗಳಕ್ಕೇ ಬಂದು 0-0 ಮಾಡಿಕೊಂಡು ಹೋದವು. ಹಲ್ ಸಿಟಿ 2-2. ಸ್ಟೋಕ್ ಮತ್ತು ಹಲ್ ಆ ವರ್ಷವಷ್ಟೇ ಕೆಳಗಿನ ಹಂತದಿಂದ ಮೇಲೆ ಬಂದ ತಂಡಗಳು. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು. ಆ ನಾಲ್ಕು ಪಂದ್ಯಗಳಲ್ಲೇ ಹೋದದ್ದು 8 ಅಂಕ. ಕಪ್ ತಪ್ಪಿದ್ದು 4 ಅಂಕದಿಂದ.

ಇಟಲಿಯ ಕಥೆ ಇನ್ನೂ ನೋವಿನದು. 2021ರ ಜುಲೈನಲ್ಲಿ ಅದು ಯುರೋಪಿನ ಚಾಂಪಿಯನ್. ಸೆಪ್ಟೆಂಬರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ತವರಿನಲ್ಲೇ ಬಲ್ಗೇರಿಯಾ ಜೊತೆ 1-1 ಡ್ರಾ. ನವೆಂಬರ್‌ನಲ್ಲಿ ಉತ್ತರ ಐರ್ಲೆಂಡ್ ಜೊತೆ 0-0. ಅದೇ ಸಂಜೆ ಸ್ವಿಟ್ಜರ್ಲೆಂಡ್ ಬಲ್ಗೇರಿಯಾವನ್ನು 4-0ರಿಂದ ಸೋಲಿಸಿ 18 ಅಂಕದೊಂದಿಗೆ ಗುಂಪಿನ ಮೇಲೆ ನಿಂತಿತು. ಇಟಲಿಗೆ 16. ಉಳಿದ ಸ್ಥಾನಗಳಿಗಾಗಿ ನಡೆಯುವ ಪ್ಲೇ-ಆಫ್‌ಗೆ ಹೋದ ಇಟಲಿ 2022ರ ಮಾರ್ಚ್‌ನಲ್ಲಿ ಉತ್ತರ ಮೆಸಿಡೋನಿಯಾ ಎದುರು ಕೊನೆ ಗಳಿಗೆಯ ಗೋಲಿಗೆ ಸೋತು ಮನೆಯಲ್ಲೇ ಉಳಿಯಿತು. ಬಲ್ಗೇರಿಯಾ ಮತ್ತು ಉತ್ತರ ಐರ್ಲೆಂಡ್ ಎದುರಿನ ಆ ಎರಡು ಪಂದ್ಯಗಳಲ್ಲಿ ಸಾಧಾರಣ ಗೆಲುವು, ಯಾರೂ ಚಪ್ಪಾಳೆ ತಟ್ಟದಂಥ 1-0 ಗೆಲುವು ಸಿಕ್ಕಿದ್ದರೂ, ಆ ತಂಡ ವಿಶ್ವಕಪ್‌ಗೆ ಹೋಗಿರುತ್ತಿತ್ತು. ಒಂದರಲ್ಲಿ ಮಾತ್ರ 1-0 ಗೆದ್ದಿದ್ದರೆ, ಅಂಕ ಸಮವಾಗಿ, ಗೋಲು ವ್ಯತ್ಯಾಸದಲ್ಲಿ ಕೂದಲೆಳೆಯಷ್ಟು ಹಿಂದೆ ಉಳಿಯುತ್ತಿತ್ತು.

ದೊಡ್ಡ ಸ್ಕೋರ್ ಏನು ಹೇಳುತ್ತದೆ?

ಗೋಲು ವ್ಯತ್ಯಾಸ ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದಾಗ ಉಳಿಯುವುದು. ಅಂಕ ಸಮವಾದಾಗ ಹೆಚ್ಚಾಗಿ ಇದೇ ತೀರ್ಪು ಕೊಡುತ್ತದೆ. 48 ತಂಡಗಳ ವಿಶ್ವಕಪ್‌ನಲ್ಲಿ 12 ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರ ಜೊತೆಗೆ, ಮೂರನೇ ಸ್ಥಾನದ ತಂಡಗಳಲ್ಲಿ ಉತ್ತಮವಾದ ಎಂಟಕ್ಕೂ ಮುಂದೆ ಹೋಗಲು ಅವಕಾಶ. ಈ ಎಂಟನ್ನು ಆರಿಸುವಾಗ ಅಂಕ ಸಮವಾಗಿದ್ದರೆ ಮೊದಲು ನೋಡುವುದು ಗೋಲು ವ್ಯತ್ಯಾಸವನ್ನೇ.

2025ರ ಸೆಪ್ಟೆಂಬರ್‌ನಲ್ಲಿ ನಾರ್ವೆ ಮೊಲ್ಡೋವಾವನ್ನು 11-1ರಿಂದ ಸೋಲಿಸಿತು. ಅರ್ಲಿಂಗ್ ಹಾಲಂಡ್ ಒಬ್ಬರೇ ಐದು ಗೋಲು ಹೊಡೆದರು. ಪಾಪದ ತಂಡದ ಮೇಲೆ ಇಷ್ಟೊಂದು ಯಾಕೆ ಎಂದು ಅನ್ನಿಸಬಹುದು. ಉತ್ತರ ನವೆಂಬರ್‌ನಲ್ಲಿ ಸಿಕ್ಕಿತು. ಗುಂಪಿನ ಕೊನೆಯ ಪಂದ್ಯಕ್ಕೆ ಇಟಲಿ ಮತ್ತು ನಾರ್ವೆ ಎದುರಾದಾಗ ನಾರ್ವೆ ಮೂರು ಅಂಕ ಮುಂದಿತ್ತು. ಇಟಲಿ ಗೆದ್ದಿದ್ದರೆ ಅಂಕ ಸಮ. ಆದರೆ ಗೋಲು ವ್ಯತ್ಯಾಸ ಎಷ್ಟಿತ್ತೆಂದರೆ, ಇಟಲಿ ಒಂಬತ್ತು ಗೋಲುಗಳ ಅಂತರದಿಂದ ಗೆಲ್ಲಬೇಕಿತ್ತು. ಇಟಲಿ ಮೊಲ್ಡೋವಾವನ್ನು ಎರಡು ಸಲವೂ 2-0ರಿಂದ ಮಾತ್ರ ಸೋಲಿಸಿತ್ತು. ಕೊನೆಗೆ ಆ ಪಂದ್ಯವನ್ನೂ ನಾರ್ವೆಯೇ 4-1ರಿಂದ ಗೆದ್ದು, 1998ರ ನಂತರ ಮೊದಲ ಬಾರಿ ವಿಶ್ವಕಪ್‌ಗೆ ಹೊರಟಿತು.

ಇದಕ್ಕೂ ಹಿಂದೆ, 1983ರ ಡಿಸೆಂಬರ್‌ನಲ್ಲಿ ಸ್ಪೇನ್ ಯುರೋ ಕಪ್‌ಗೆ ಹೋಗಬೇಕಾದರೆ ಮಾಲ್ಟಾವನ್ನು 11 ಗೋಲು ಅಂತರದಿಂದ ಸೋಲಿಸಬೇಕಿತ್ತು. ಅರ್ಧ ಪಂದ್ಯಕ್ಕೆ 3-1. ಮುಗಿದಾಗ 12-1. ನೆದರ್ಲೆಂಡ್ಸ್ ಹೊರಗುಳಿಯಿತು. ಸ್ಪೇನ್ ಮರುವರ್ಷ ಫೈನಲ್‌ವರೆಗೂ ಹೋಯಿತು.

ಅಂದರೆ ದೊಡ್ಡ ಸ್ಕೋರ್‌ಗೆ ಬೆಲೆ ಇದೆ. ಪುರಾವೆಯಾಗಿ ಮಾತ್ರ ಅದು ಬೇಗ ಸವೆಯುತ್ತದೆ. ನಾಲ್ಕು ಗೋಲು ಬಿದ್ದ ಮೇಲೆ ಸೋಲುವವರ ಕಾಲು ಕುಸಿಯುತ್ತದೆ, ಮನಸ್ಸೂ ಕುಸಿಯುತ್ತದೆ. ಆಮೇಲಿನ ಗೋಲುಗಳು ಗೆದ್ದವರ ಶಕ್ತಿಗಿಂತ ಸೋತವರ ದಣಿವನ್ನೇ ಹೆಚ್ಚು ತೋರಿಸುತ್ತವೆ. 1982ರ ವಿಶ್ವಕಪ್‌ನಲ್ಲಿ ಹಂಗೇರಿ ಎಲ್ ಸಾಲ್ವಡಾರ್ ತಂಡವನ್ನು 10-1ರಿಂದ ಸೋಲಿಸಿತು. ಮುಂದಿನ ಪಂದ್ಯದಲ್ಲಿ ಅರ್ಜೆಂಟೀನಾ ಎದುರು 1-4. ಗುಂಪು ಹಂತದಲ್ಲೇ ಮನೆಗೆ.

ಎಲ್ಲಕ್ಕಿಂತ ದೊಡ್ಡ ಸ್ಕೋರ್ 2001ರ ಏಪ್ರಿಲ್ 11ರದ್ದು. ಆಸ್ಟ್ರೇಲಿಯಾ 31, ಅಮೆರಿಕನ್ ಸಮೋವಾ 0. ಆರ್ಚಿ ಥಾಂಪ್ಸನ್ ಒಬ್ಬರದೇ 13 ಗೋಲು. ಅದಕ್ಕೆ ಎರಡು ದಿನ ಮೊದಲು ಅದೇ ಆಸ್ಟ್ರೇಲಿಯಾ ಟೋಂಗಾವನ್ನು 22-0ರಿಂದ ಸೋಲಿಸಿತ್ತು. ಎರಡು ಪಂದ್ಯಗಳಲ್ಲಿ 53 ಗೋಲು! ಅದೇ ವರ್ಷ ನವೆಂಬರ್‌ನಲ್ಲಿ ಉರುಗ್ವೆ ಜೊತೆಗಿನ ಎರಡು ಪಂದ್ಯಗಳ ಪ್ಲೇ-ಆಫ್‌ನಲ್ಲಿ ಆಸ್ಟ್ರೇಲಿಯಾ ತವರಿನಲ್ಲಿ 1-0 ಗೆದ್ದು, ಹೊರಗೆ 0-3 ಸೋತು, ವಿಶ್ವಕಪ್ ತಪ್ಪಿಸಿಕೊಂಡಿತು. ಆ 53 ಗೋಲುಗಳು ಈ 180 ನಿಮಿಷಗಳ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಹಾಗಾದರೆ ಇಷ್ಟೊಂದು ಗೋಲು ಹೊಡೆಯುವುದು ಎದುರಾಳಿಗೆ ಮಾಡುವ ಅವಮಾನವಾ? 2019ರ ಮಹಿಳಾ ವಿಶ್ವಕಪ್‌ನಲ್ಲಿ ಅಮೆರಿಕ ಥಾಯ್ಲೆಂಡನ್ನು 13-0ರಿಂದ ಸೋಲಿಸಿದಾಗ ಈ ವಾದ ಜೋರಾಗಿ ನಡೆಯಿತು. ಕೊನೆಯ ಗೋಲುಗಳಿಗೂ ಅಷ್ಟೊಂದು ಸಂಭ್ರಮ ಬೇಕಿತ್ತಾ ಎಂದು ಕೆಲವರು. ಗೋಲು ವ್ಯತ್ಯಾಸ ಲೆಕ್ಕಕ್ಕೆ ಬರುವ ಟೂರ್ನಿಯಲ್ಲಿ ಯಾಕೆ ನಿಲ್ಲಿಸಬೇಕು ಎಂದು ಇನ್ನು ಕೆಲವರು. ನನ್ನ ಮನಸ್ಸು ಎರಡನೆಯ ಕಡೆಗೇ ವಾಲುತ್ತದೆ. ಕರುಣೆಯಿಂದ ಆಟ ನಿಲ್ಲಿಸಿ ಚೆಂಡನ್ನು ಅತ್ತಿತ್ತ ತಳ್ಳುತ್ತಾ ನಿಂತರೆ, ಎದುರಿಗಿರುವವರು ಆಟಗಾರರೇ ಅಲ್ಲ ಎಂದಂತಾಗುತ್ತದೆ. ಥಾಯ್ಲೆಂಡ್ ಮುಂದಿನ ಪಂದ್ಯದಲ್ಲಿ ಸ್ವೀಡನ್ ಎದುರು 1-5ರಿಂದ ಸೋತಿತು. ಆ ಒಂದು ಗೋಲಿಗೆ ಅವರ ಬೆಂಚಿನಲ್ಲಿ ಕಣ್ಣೀರು ಬಂತು.

ಸ್ಕೋರ್ ಬಿಟ್ಟು ಏನು ನೋಡಬೇಕು?

ಇತ್ತೀಚೆಗೆ ಎಕ್ಸ್‌ಜಿ ಎಂಬ ಅಳತೆ ಎಲ್ಲೆಡೆ ಕಾಣುತ್ತದೆ. ನಿರೀಕ್ಷಿತ ಗೋಲು ಎಂದು ಅರ್ಥ. ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆ ಎಷ್ಟಿತ್ತು ಎಂದು ಹಿಂದಿನ ಸಾವಿರಾರು ಹೊಡೆತಗಳ ಆಧಾರದ ಮೇಲೆ ಅಂದಾಜು ಮಾಡುತ್ತಾರೆ. ಪೆನಾಲ್ಟಿ ಕಿಕ್‌ಗಳಲ್ಲಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಗೋಲಾಗುತ್ತವೆ. ಹಾಗಾಗಿ ಒಂದು ಪೆನಾಲ್ಟಿಗೆ ಮುಕ್ಕಾಲು ಗೋಲಿನಷ್ಟು ಬೆಲೆ. ಮೂವತ್ತು ಮೀಟರ್ ದೂರದ ಹೊಡೆತಕ್ಕೆ ಅತ್ಯಲ್ಪ. ಎಲ್ಲವನ್ನೂ ಕೂಡಿಸಿದರೆ, ತಂಡ ನಿಜವಾಗಿ ಎಷ್ಟು ಅವಕಾಶ ಮಾಡಿಕೊಂಡಿತು ಎಂಬ ಚಿತ್ರ ಸಿಗುತ್ತದೆ. 3.0 ಎಕ್ಸ್‌ಜಿ ಇದ್ದ 1-0 ಗೆಲುವಿನಲ್ಲಿ ಗೋಲ್‌ಕೀಪರ್ ಅಡ್ಡ ಬಂದಿರಬಹುದು, ಅದೃಷ್ಟ ಕೈ ಕೊಟ್ಟಿರಬಹುದು. 0.6 ಇದ್ದ 1-0 ಗೆಲುವಾದರೆ ಚಿಂತೆ ಮಾಡಬೇಕಾದ್ದೇ.

ದುರ್ಬಲ ಎದುರಾಳಿಯ ಪಂದ್ಯದಲ್ಲಿ ನಾನು ಅದಕ್ಕಿಂತ ಮೊದಲು ನೋಡುವುದು ಇನ್ನೊಂದು ಬದಿಯನ್ನು. ದೊಡ್ಡ ತಂಡ ಎಷ್ಟು ಅವಕಾಶ ಬಿಟ್ಟುಕೊಟ್ಟಿತು? ಚೆಂಡು ಕಳೆದುಕೊಂಡ ಕೂಡಲೇ ಮರಳಿ ಪಡೆಯಲು ಓಡಿದರಾ, ಇಲ್ಲ ಕೈ ಚೆಲ್ಲಿ ನಿಂತರಾ? ಈ ಅಭ್ಯಾಸ ಎದುರಾಳಿ ಬದಲಾದರೂ ಜೊತೆಗೇ ಬರುತ್ತದೆ. ಗೋಲುಗಳ ರಾಶಿ ಬರುವುದಿಲ್ಲ.

ಇಷ್ಟಾದರೂ ಭವಿಷ್ಯ ಹೇಳಲಾಗದು. 2010ರ ವಿಶ್ವಕಪ್ ಅರ್ಹತೆಯಲ್ಲಿ ಸ್ಪೇನ್ ಹತ್ತಕ್ಕೆ ಹತ್ತು ಗೆದ್ದಿತು. ಕಪ್ಪನ್ನೂ ಗೆದ್ದಿತು. 2018ರ ಅರ್ಹತೆಯಲ್ಲಿ ಜರ್ಮನಿಯೂ ಹತ್ತಕ್ಕೆ ಹತ್ತು ಗೆದ್ದಿತು, 43 ಗೋಲು ಹೊಡೆದು ನಾಲ್ಕು ಮಾತ್ರ ಬಿಟ್ಟುಕೊಟ್ಟು. ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ಎದುರು 0-2 ಸೋತು ಮೊದಲ ಹಂತದಲ್ಲೇ ಹೊರಬಿತ್ತು.

ಇಂಗ್ಲೆಂಡಿಗೆ ಬಂದರೆ, ಸೆಪ್ಟೆಂಬರ್‌ನಲ್ಲಿ ಅಂಡೋರಾ ಮತ್ತೆ ಎದುರಾದಾಗ ಬಂದದ್ದು 2-0. ಮತ್ತದೇ ಗೊಣಗಾಟ. ಮೂರು ದಿನದ ನಂತರ ಅದೇ ತಂಡ ಸರ್ಬಿಯಾಕ್ಕೆ ಹೋಗಿ, ಅಲ್ಲಿಯ ಪ್ರೇಕ್ಷಕರ ಮುಂದೆ 5-0ರಿಂದ ಗೆದ್ದಿತು.  

ಆ ಕಡೆಯಿಂದ ನೋಡಿದರೆ

ಇಷ್ಟು ಹೊತ್ತು ದೊಡ್ಡ ತಂಡದ ಕಣ್ಣಿನಿಂದಲೇ ನೋಡಿದೆವು. ಆದರೆ ದುರ್ಬಲ ತಂಡಕ್ಕೂ ದುರ್ಬಲ ಎದುರಾಳಿ ಇರುತ್ತಾರೆ. ಸ್ಯಾನ್ ಮರಿನೋ 2004ರಲ್ಲಿ ಲಿಕ್ಟೆನ್‌ಸ್ಟೈನ್ ಎದುರು ಒಂದು ಸೌಹಾರ್ದ ಪಂದ್ಯ ಗೆದ್ದಿತ್ತು. ಮುಂದಿನ ಗೆಲುವಿಗೆ ಇಪ್ಪತ್ತು ವರ್ಷ ಕಾಯಬೇಕಾಯಿತು. 2024ರ ಸೆಪ್ಟೆಂಬರ್ 5ರಂದು ಅದೇ ಲಿಕ್ಟೆನ್‌ಸ್ಟೈನ್ ಮೇಲೆ 1-0. ಅಧಿಕೃತ ಸ್ಪರ್ಧೆಯಲ್ಲಿ ಆ ದೇಶದ ಮೊದಲ ಗೆಲುವು ಅದು. ಲಿಕ್ಟೆನ್‌ಸ್ಟೈನ್ ಕೂಡ ಬಲಿಷ್ಠವಲ್ಲ ಎಂದು ಯಾರೂ ಅಂದು ಲೆಕ್ಕ ಹಾಕಲಿಲ್ಲ.

31-0ರ ಸಂಜೆ ಅಮೆರಿಕನ್ ಸಮೋವಾದ ಗೋಲಿನಲ್ಲಿ ನಿಂತಿದ್ದವರು ನಿಕಿ ಸಲಾಪು. ಪಾಸ್‌ಪೋರ್ಟ್ ತೊಡಕಿನಿಂದಾಗಿ ಮೂಲ ತಂಡದಲ್ಲಿ ಆಡಲು ಉಳಿದಿದ್ದವರು ಅವರೊಬ್ಬರೇ. ಉಳಿದ ಜಾಗಗಳಿಗೆ ಹದಿಹರೆಯದ ಹುಡುಗರನ್ನು ಹುಡುಕಿ ತರಬೇಕಾಯಿತು. ಆ ಪಂದ್ಯದ ನಂತರ ಓಷಿಯಾನಿಯಾ ವಲಯದಲ್ಲಿ ಚಿಕ್ಕ ತಂಡಗಳಿಗೆಂದೇ ಬೇರೆ ಆರಂಭಿಕ ಸುತ್ತು ಬಂತು, ತಮ್ಮಂಥವರ ಜೊತೆ ಆಡಿ ಮೇಲೆ ಬರಲಿ ಎಂದು. ಅಂಥದ್ದೊಂದು ಸುತ್ತಿನಲ್ಲಿ, 2011ರ ನವೆಂಬರ್ 22ರಂದು, ಅಮೆರಿಕನ್ ಸಮೋವಾ ಟೋಂಗಾವನ್ನು 2-1ರಿಂದ ಸೋಲಿಸಿತು. ಹಿಂದೆ ಆಸ್ಟ್ರೇಲಿಯಾದಿಂದ 22 ಗೋಲು ತಿಂದಿದ್ದ ಅದೇ ಟೋಂಗಾ. ಫಿಫಾ ಮಾನ್ಯತೆಯ ಪಂದ್ಯಗಳಲ್ಲಿ ಅಮೆರಿಕನ್ ಸಮೋವಾಗೆ ಅದು ಮೊಟ್ಟಮೊದಲ ಗೆಲುವು. ಹತ್ತು ವರ್ಷಗಳ ನಂತರವೂ ಗೋಲಿನಲ್ಲಿ ನಿಂತಿದ್ದವರು ನಿಕಿ ಸಲಾಪು.